ಸುಳ್ಯದಲ್ಲಿ 100, ಮಡಿಕೇರಿಯಲ್ಲಿ 88

ಆ ವರ್ಷ ಕಕ್ಕಡ ತಿಂಗಳ ಮಳೆ ಒಂದು ವಾರ ಬಿಟ್ಟೂಬಿಡದೆ ಹೊಡೆದಿತ್ತು. ಮಡಿಕೇರಿಯ ನಮ್ಮ ಮನೆಯ ಶೆಡ್ಡಿನಲ್ಲಿದ್ದ ಪುಟ್ಟ ಪೆಟ್ರೋಲ್ ಕಾರು ಒಂದು ಬೆಳಿಗ್ಗೆ ಸ್ಟಾರ್ಟ್ ಆದದ್ದೇ ತಡ, ಚಳಿಜ್ವರ ಬಂದವರ ಹಾಗೆ ನಡುಗತೊಡಗಿತು. ಸೈಲೆನ್ಸರಿನಿಂದ ಕಪ್ಪು ಹೊಗೆ, ಶೆಡ್ಡಿನ ತುಂಬ ಪೆಟ್ರೋಲಿನ ವಾಸನೆ, ಡ್ಯಾಶ್‌ಬೋರ್ಡಿನಲ್ಲಿ ಹಳದಿ ಎಂಜಿನ್ ದೀಪ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ ನೋಡಿದವರು ಪಿ0108 ಎಂಬ ಕೋಡ್ ತೋರಿಸಿ, "ಮ್ಯಾಪ್ ಸೆನ್ಸರ್ ಹೋಗಿದೆ" ಎಂದರು. ಹೊಸದು ಹಾಕಿಸಿದೆ. ನಾಲ್ಕು ದಿನ ಕಾರು ಚೆನ್ನಾಗಿ ಓಡಿತು. ಐದನೆಯ ದಿನ ಮತ್ತೆ ಅದೇ ನಡುಕ, ಅದೇ ಹೊಗೆ.

ಎರಡನೆಯ ಸಲ ಕಾರು ನೋಡಿದವನು ನನಗಿಂತ ಹತ್ತು ವರ್ಷ ಚಿಕ್ಕವನಾದ ಬೇರೊಬ್ಬ ಮೆಕ್ಯಾನಿಕ್. ಬಾನೆಟ್ಟನ್ನೂ ಎತ್ತದೆ ಸ್ಟಿಯರಿಂಗಿನ ಕೆಳಗಿನ ಸಾಕೆಟ್ಟಿಗೆ ಬೆಂಕಿಪೆಟ್ಟಿಗೆಯಷ್ಟು ಚಿಕ್ಕದೊಂದು ಅಡಾಪ್ಟರ್ ಸಿಕ್ಕಿಸಿ, ತನ್ನ ಮೊಬೈಲ್ ತೆರೆದು, "ಅಕ್ಕ, ಕೀ ಮಾತ್ರ ಆನ್ ಮಾಡಿ, ಸ್ಟಾರ್ಟ್ ಮಾಡ್ಬೇಡಿ" ಎಂದ. ಪರದೆಯ ಮೇಲೆ 97 ಎಂದು ಬಂತು. "ನೋಡಿ, ಇದು ಹೆಚ್ಚುಕಡಿಮೆ ಘಟ್ಟದ ಕೆಳಗಿನ ಸುಳ್ಯದ ಲೆಕ್ಕ ಹೇಳ್ತಾ ಇದೆ. ಮಡಿಕೇರಿಯಲ್ಲಿ 88 ಇರಬೇಕು." ಹೊಸ ಸೆನ್ಸರ್ ಕಳಚಿ, ನಾನು ಡಿಕ್ಕಿಯಲ್ಲಿ ಇಟ್ಟುಕೊಂಡಿದ್ದ ಹಳೆಯದನ್ನು ಹಾಕಿದ. ಅದೂ 97. ಇಬ್ಬರೂ ಒಂದೇ ಸುಳ್ಳು ಹೇಳುತ್ತಿದ್ದಾರೆಂದರೆ ತಪ್ಪು ಅವರದ್ದಲ್ಲ ಎಂದು ನಕ್ಕು, ಸೆನ್ಸರಿಗೆ ತಂತಿ ಸೇರಿಸುವ ಕಪ್ಲರನ್ನು ಬೆಳಕಿಗೆ ಹಿಡಿದು ತೋರಿಸಿದ. ಮೂರು ಪಿನ್ನುಗಳಲ್ಲಿ ಒಂದರ ಸುತ್ತ ಹಳೆಯ ತಾಮ್ರದ ಬಿಂದಿಗೆಯಲ್ಲಿ ಕಾಣುವಂಥ ಹಸಿರು ಕಿಲುಬು. ಅದು ಅರ್ತ್ ತಂತಿ.

ಮೊದಲ ಗ್ಯಾರೇಜಿನಲ್ಲಿ ಕಪ್ಲರ್ ತೆಗೆದು ಹಾಕುವಾಗ ಪಿನ್ನುಗಳು ಉಜ್ಜಿ ಕಿಲುಬು ತುಸು ಕೆರೆದುಹೋಗಿತ್ತು. ನಾಲ್ಕು ದಿನ ಕಾರು ಸರಿಯಿದ್ದದ್ದು ಆ ಉಜ್ಜಾಟದಿಂದ. ಹೊಸ ಸೆನ್ಸರಿಗೆ ಕೊಟ್ಟ ಹಣ ವ್ಯರ್ಥವಾಯಿತು. ಆದರೆ 88 ಎಂಬ ಆ ಅಂಕಿ ನನಗೆ ಅಂದು ಸಿಕ್ಕಿತು. ಘಟ್ಟದ ಮೇಲೆ ಬದುಕುವ, ವಾರಕ್ಕೊಮ್ಮೆ ಘಟ್ಟ ಹತ್ತಿ ಇಳಿಯುವ ನಮ್ಮಂಥವರಿಗೆ ಈ ಸೆನ್ಸರನ್ನು ಪರೀಕ್ಷಿಸಲು ಬೇರೆ ಯಂತ್ರವೇ ಬೇಡ. ನಮ್ಮ ಊರಿನ ಎತ್ತರವೇ ಸಾಕು.

ಅದು ಹೇಗೆಂದು ತಿಳಿಯಬೇಕಾದರೆ ಮೊದಲು ಎಂಜಿನ್ನಿನ ಉಸಿರಾಟವನ್ನು ನೋಡಬೇಕು.

ಪೆಟ್ರೋಲ್ ಎಂಜಿನ್ ಗಾಳಿಯನ್ನು ತಾನೇ ಎಳೆದುಕೊಳ್ಳುತ್ತದೆ. ಪಿಸ್ಟನ್ ಕೆಳಗಿಳಿದಾಗ ಸಿಲಿಂಡರಿನಲ್ಲಿ ಜಾಗವಾಗುತ್ತದೆ, ಹೊರಗಿನ ಗಾಳಿ ಅಲ್ಲಿಗೆ ನುಗ್ಗಲು ನೋಡುತ್ತದೆ. ದಾರಿಯಲ್ಲಿ ಥ್ರಾಟಲ್ ಎಂಬ ಚಿಟ್ಟೆ ಬಾಗಿಲು ಇದೆ. ಆಕ್ಸಿಲರೇಟರ್ ತುಳಿದಷ್ಟೂ ಅದು ತೆರೆಯುತ್ತದೆ. ಆ ಬಾಗಿಲಿಗೂ ಸಿಲಿಂಡರುಗಳಿಗೂ ನಡುವಿನ ಕೊಳವೆಗಳ ಗುಂಪೇ ಇನ್‌ಟೇಕ್ ಮ್ಯಾನಿಫೋಲ್ಡ್. ಬಾಗಿಲು ಮುಚ್ಚಿದ್ದಾಗ ಪಿಸ್ಟನ್ನುಗಳು ಎಳೆಯುತ್ತಲೇ ಇರುತ್ತವೆ, ಗಾಳಿ ಮಾತ್ರ ಸಾಕಷ್ಟು ಬರುವುದಿಲ್ಲ. ಸ್ಟ್ರಾದ ಒಂದು ತುದಿಯನ್ನು ಬೆರಳಿಂದ ಮುಚ್ಚಿ ಇನ್ನೊಂದು ತುದಿಯಲ್ಲಿ ಎಳೆದರೆ ಕೆನ್ನೆ ಒಳಕ್ಕೆ ಹೋಗುತ್ತದಲ್ಲ, ಮ್ಯಾನಿಫೋಲ್ಡಿನೊಳಗೆ ಅಂಥದೇ ಸ್ಥಿತಿ. ಗ್ಯಾರೇಜಿನವರು ವ್ಯಾಕ್ಯೂಮ್ ಎನ್ನುವುದು ಇದನ್ನೇ. ಬಾಗಿಲು ಪೂರ್ತಿ ತೆರೆದಾಗ ಒಳಗಿನ ಒತ್ತಡ ಹೆಚ್ಚುಕಡಿಮೆ ಹೊರಗಿನ ಒತ್ತಡದಷ್ಟೇ ಆಗುತ್ತದೆ.

ಈ ಕೊಳವೆಯೊಳಗಿನ ಒತ್ತಡವನ್ನು ಅಳೆಯುವುದೇ ಮ್ಯಾಪ್ ಸೆನ್ಸರಿನ ಕೆಲಸ. ದಾರಿ ತೋರಿಸುವ ಮ್ಯಾಪಿಗೂ ಇದಕ್ಕೂ ನಂಟಿಲ್ಲ. ಮ್ಯಾನಿಫೋಲ್ಡ್ ಅಬ್ಸಲ್ಯೂಟ್ ಪ್ರೆಷರ್ ಎಂಬ ಮೂರು ಮಾತುಗಳ ಮೊದಲ ಅಕ್ಷರಗಳು ಸೇರಿ ಆ ಹೆಸರು ಬಂದಿದೆ. ನಡುವಿನ 'ಅಬ್ಸಲ್ಯೂಟ್' ಮುಖ್ಯ. ಟೈರಿನ ಗಾಳಿ ಅಳೆಯುವ ಮೀಟರು ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಎಂದು ಹೇಳುತ್ತದೆ. ಈ ಸೆನ್ಸರು ಗಾಳಿಯೇ ಇಲ್ಲದ ಸೊನ್ನೆಯಿಂದ ಎಣಿಸುತ್ತದೆ. ಹಾಗಾಗಿ ಎಂಜಿನ್ ಆಫ್ ಆಗಿದ್ದರೂ ಅದು ಸೊನ್ನೆ ತೋರಿಸುವುದಿಲ್ಲ, ತಾನಿರುವ ಊರಿನ ವಾಯುಭಾರವನ್ನು ತೋರಿಸುತ್ತದೆ.

ಸೆನ್ಸರಿನ ಒಳಗಿರುವುದು ಉಗುರಿಗಿಂತ ಚಿಕ್ಕದಾದ ಸಿಲಿಕಾನ್ ಚೂರು. ಅದರ ನಡುಭಾಗವನ್ನು ಕೊರೆದು ತೆಳು ಪೊರೆಯಾಗಿ ಮಾಡಿರುತ್ತಾರೆ. ಪೊರೆಯ ಒಂದು ಬದಿಯಲ್ಲಿ ಗಾಳಿ ತೆಗೆದು ಮುಚ್ಚಿದ ಪುಟ್ಟ ಕೋಣೆ, ಇನ್ನೊಂದು ಬದಿ ಮ್ಯಾನಿಫೋಲ್ಡಿಗೆ ತೆರೆದಿರುತ್ತದೆ. ಒತ್ತಡ ಹೆಚ್ಚಿದಷ್ಟೂ ಪೊರೆ ಒಳಕ್ಕೆ ಬಾಗುತ್ತದೆ. ಸಿಲಿಕಾನ್ ಬಾಗಿದಾಗ ಅದರಲ್ಲಿ ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದು ಬದಲಾಗುತ್ತದೆ. ಅಮೆರಿಕದ ಬೆಲ್ ಪ್ರಯೋಗಾಲಯದ ಚಾರ್ಲ್ಸ್ ಸ್ಮಿತ್ 1954ರಲ್ಲಿ ಪ್ರಕಟಿಸಿದ ಈ ಗುಣವೇ ಇಂದು ನಮ್ಮ ಕಾರುಗಳಲ್ಲಿ ದುಡಿಯುತ್ತಿದೆ. ಸೆನ್ಸರಿಗೆ ಹೋಗುವುದು ಮೂರು ತಂತಿ: ಎಂಜಿನ್ನನ್ನು ನಡೆಸುವ ಕಂಪ್ಯೂಟರಿನಿಂದ ಬರುವ 5 ವೋಲ್ಟ್, ಅರ್ತ್, ಮತ್ತು ಸೆನ್ಸರು ಕಂಪ್ಯೂಟರಿಗೆ ಕೊಡುವ ಉತ್ತರ. ನಾಲ್ಕು ತಂತಿಯಿದ್ದರೆ ಒಳಹೋಗುವ ಗಾಳಿಯ ಉಷ್ಣತೆ ಅಳೆಯುವ ಸೆನ್ಸರೂ ಅದೇ ಡಬ್ಬಿಯಲ್ಲಿದೆ ಎಂದರ್ಥ.

ಈ ಉತ್ತರವಿಟ್ಟುಕೊಂಡು ಕಂಪ್ಯೂಟರ್ ಮಾಡುವ ಲೆಕ್ಕ ಮನೆಯಲ್ಲಿ ಕೂತು ನಾವೂ ಮಾಡಬಹುದು. 1.2 ಲೀಟರಿನ ಎಂಜಿನ್ ಎರಡು ಸುತ್ತಿಗೊಮ್ಮೆ 1.2 ಲೀಟರ್ ಗಾಳಿ ಎಳೆಯುತ್ತದೆ. ನಿಮಿಷಕ್ಕೆ 2,000 ಸುತ್ತಾದರೆ 1,200 ಲೀಟರ್. ಆದರೆ ಲೀಟರ್ ಎಂಬುದು ಜಾಗದ ಅಳತೆ, ಆ ಜಾಗದಲ್ಲಿ ನಿಜವಾಗಿ ಎಷ್ಟು ಗಾಳಿ ತುಂಬಿದೆ ಎಂಬುದು ಒತ್ತಡ ಮತ್ತು ಉಷ್ಣತೆಯ ಮೇಲೆ ನಿಂತಿದೆ. ಒತ್ತಡವನ್ನು ಮ್ಯಾಪ್ ಹೇಳುತ್ತದೆ, ಉಷ್ಣತೆಯನ್ನು ಅದರ ಜೊತೆಗಾರ. ಗಾಳಿಯ ತೂಕ ಗೊತ್ತಾಯಿತೆಂದರೆ ಸುಮಾರು 14.7 ಗ್ರಾಂ ಗಾಳಿಗೆ 1 ಗ್ರಾಂ ಪೆಟ್ರೋಲಿನಂತೆ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕೆಂದು ತೀರ್ಮಾನವಾಗುತ್ತದೆ. ಬಾಷ್ ಕಂಪನಿ 1967ರಲ್ಲಿ ಫೋಕ್ಸ್‌ವ್ಯಾಗನ್ 1600 ಕಾರಿಗೆ ಕೊಟ್ಟ ಡಿ-ಜೆಟ್ರಾನಿಕ್ ಇಂಜೆಕ್ಷನ್ನಿನಲ್ಲಿ ಇದೇ ಉಪಾಯವಿತ್ತು. ಆ 'ಡಿ' ಎಂದರೆ ಜರ್ಮನ್ ಭಾಷೆಯ 'ಡ್ರುಕ್', ಒತ್ತಡ.

ಈಗ ಘಟ್ಟಕ್ಕೆ ಬರೋಣ.

ಸುಳ್ಯ ಸಮುದ್ರಮಟ್ಟದಿಂದ ನೂರು ಮೀಟರ್ ಚಿಲ್ಲರೆ ಎತ್ತರದಲ್ಲಿದೆ. ಅಲ್ಲಿಂದ ಸಂಪಾಜೆ, ಕೊಯನಾಡು, ಜೋಡುಪಾಲ, ಮದೆನಾಡು ದಾಟಿ ಮಡಿಕೇರಿ ತಲುಪುವಾಗ ನಾವು 1,150 ಮೀಟರಿನ ಆಸುಪಾಸಿನಲ್ಲಿರುತ್ತೇವೆ. ಒಂದು ಕಿಲೋಮೀಟರ್ ನೆಟ್ಟಗೆ ಮೇಲೆದ್ದಂತೆ. ಮಂಗಳೂರಿನ ಕಡಲ ತೀರದಲ್ಲಿ 101 ಕಿಲೋಪಾಸ್ಕಲ್ ಇರುವ ಗಾಳಿಯ ಒತ್ತಡ ಸುಳ್ಯದಲ್ಲಿ 100, ಕುಶಾಲನಗರದಲ್ಲಿ ಸುಮಾರು 92, ಮಡಿಕೇರಿಯಲ್ಲಿ 88, ತಲಕಾವೇರಿಯಲ್ಲಿ 87. ಫ್ರಾನ್ಸಿನಲ್ಲಿ 1648ರ ಸೆಪ್ಟೆಂಬರ್ 19ರಂದು ಪಾಸ್ಕಲನ ಭಾವ ಪೆರಿಯೆ ಪಾದರಸದ ಕೊಳವೆ ಹೊತ್ತು ಪ್ವಿ ದ ದೋಮ್ ಬೆಟ್ಟ ಹತ್ತಿದ್ದು ಇದನ್ನೇ ನೋಡಲು. ಸುಮಾರು ಒಂದು ಸಾವಿರ ಮೀಟರ್ ಏರಿದಾಗ ಪಾದರಸ ಮೂರು ಇಂಚಿನಷ್ಟು ಇಳಿದಿತ್ತು. ಸಂಪಾಜೆ ಘಾಟಿ ಹತ್ತುವ ಪ್ರತಿ ಕಾರೂ ಆ ಪ್ರಯೋಗವನ್ನು ಮತ್ತೆ ಮಾಡುತ್ತದೆ, ಅದೂ ಹೆಚ್ಚುಕಡಿಮೆ ಅಷ್ಟೇ ಎತ್ತರಕ್ಕೆ. ಒತ್ತಡದ ಅಳತೆಗೆ ಕಿಲೋಪಾಸ್ಕಲ್ ಎಂಬ ಹೆಸರು ಬಂದದ್ದೂ ಆ ಪಾಸ್ಕಲನಿಂದಲೇ.

ಸಮುದ್ರಮಟ್ಟಕ್ಕೆ ಹೋಲಿಸಿದರೆ ಮಡಿಕೇರಿಯಲ್ಲಿ ಒತ್ತಡ ನೂರಕ್ಕೆ ಹದಿಮೂರು ಪಾಲು ಕಡಿಮೆ. ಕರಾವಳಿಯಲ್ಲಿ 30 ಡಿಗ್ರಿ, ನಮ್ಮಲ್ಲಿ 20 ಡಿಗ್ರಿ ಎಂದಿಟ್ಟುಕೊಂಡರೆ, ತಂಪು ಗಾಳಿ ಒತ್ತಾಗಿರುವುದರಿಂದ ಅದರಲ್ಲಿ ಮೂರು ಪಾಲು ನಮಗೆ ವಾಪಸ್ ಸಿಗುತ್ತದೆ. ಉಳಿದ ಹತ್ತು ಪಾಲು ನಷ್ಟವೇ. "ಮೇಲೆ ಬಂದ ಮೇಲೆ ಪಿಕಪ್ ಇಲ್ಲ" ಎಂದು ಬಯಲುಸೀಮೆಯಿಂದ ಬಂದ ನೆಂಟರು ಹೇಳುವುದರಲ್ಲಿ ಹುರುಳಿದೆ. ಟರ್ಬೊ ಇಲ್ಲದ ಕಾರಿಗೆ ಅದು ಕಾಯಿಲೆಯಲ್ಲ. ಕಾರ್ಬ್ಯುರೇಟರ್ ಕಾಲದಲ್ಲಿ ಇನ್ನೂ ಒಂದು ತೊಂದರೆಯಿತ್ತು. ಗಾಳಿ ತೆಳುವಾದರೂ ಪೆಟ್ರೋಲ್ ಅಷ್ಟು ಕಡಿಮೆಯಾಗುತ್ತಿರಲಿಲ್ಲ, ಕೆಳಗೆ ಟ್ಯೂನ್ ಮಾಡಿಸಿದ ಜೀಪು ಮೇಲೆ ಬಂದು ಹೊಗೆ ಕಾರುತ್ತಿತ್ತು, ಸ್ಕ್ರೂ ತಿರುಗಿಸಿ ಮಿಕ್ಸ್ಚರ್ ಸರಿಮಾಡಬೇಕಿತ್ತು. ಆ ಸ್ಕ್ರೂಡ್ರೈವರಿನ ಕೆಲಸವನ್ನು ಇಂದು ಮ್ಯಾಪ್ ಸೆನ್ಸರು ಪ್ರತಿ ತಿರುವಿನಲ್ಲೂ ಮಾಡುತ್ತಿದೆ. ಹಾಗಾಗಿಯೇ ಅದು ತಪ್ಪು ಹೇಳಿದರೆ ಘಟ್ಟದವರಿಗೆ ಬಿಸಿ ಬೇಗ ಮುಟ್ಟುತ್ತದೆ.

ಪರೀಕ್ಷೆ ಸುಲಭ. ಸ್ಕ್ಯಾನರ್ ಇರುವ ಗ್ಯಾರೇಜಿಗೆ ಹೋಗಿ, ಇಲ್ಲವೇ ಮೊಬೈಲಿಗೆ ಬ್ಲೂಟೂತಿನಲ್ಲಿ ಸೇರುವ ಓಬಿಡಿ ಅಡಾಪ್ಟರ್ ಒಂದನ್ನು ಕೊಂಡಿಟ್ಟುಕೊಳ್ಳಿ. ಎಂಜಿನ್ ನಿಂತು ಒಂದೆರಡು ನಿಮಿಷ ಆಗಿರಲಿ. ಕೀ ಆನ್, ಸ್ಟಾರ್ಟ್ ಬೇಡ. ಆ್ಯಪಿನಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡ್ ಪ್ರೆಷರ್ ಎಂಬ ಸಾಲು ನೋಡಿ. ಮಡಿಕೇರಿಯಲ್ಲಿ 87ರಿಂದ 89 ಬಂದರೆ ಸೆನ್ಸರ್ ನಿಜ ಹೇಳುತ್ತಿದೆ. ಮಳೆಗಾಲದಲ್ಲಿ ವಾಯುಭಾರ ಇಳಿದಾಗ ಒಂದು ಅಂಕಿಯಷ್ಟು ಕಡಿಮೆಯಾಗಬಹುದು, ಅದಕ್ಕೆ ಗಾಬರಿ ಬೇಡ. ಮೂರ್ನಾಲ್ಕು ಅಂಕಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಮಾತ್ರ ಹುಡುಕಾಟ ಶುರುಮಾಡಿ. ಇಲ್ಲಿ ಅನೇಕರು ಎಡವುವ ಒಂದು ಜಾಗವಿದೆ. ಮೊಬೈಲಿನ ಹವಾಮಾನ ಆ್ಯಪ್ ಮಡಿಕೇರಿಗೂ 1010 ಹೆಕ್ಟೊಪಾಸ್ಕಲ್, ಅಂದರೆ 101 ಕಿಲೋಪಾಸ್ಕಲ್ ಎಂದೇ ತೋರಿಸುತ್ತದೆ. ಹವಾಮಾನದವರು ಎಲ್ಲ ಊರುಗಳ ಅಂಕಿಯನ್ನೂ ಸಮುದ್ರಮಟ್ಟಕ್ಕೆ ಇಳಿಸಿ ಬರೆಯುವುದು ರೂಢಿ. ಅದರ ಜೊತೆ ಹೋಲಿಸಿ ಒಳ್ಳೆಯ ಸೆನ್ಸರನ್ನು ಎಸೆಯಬೇಡಿ.

ಈಗ ಸ್ಟಾರ್ಟ್ ಮಾಡಿ, ಎಂಜಿನ್ ಬಿಸಿಯಾಗಲಿ, ಎಸಿ ಬೇಡ. ಆರೋಗ್ಯವಂತ ಪೆಟ್ರೋಲ್ ಎಂಜಿನ್ ಐಡ್ಲಿಂಗಿನಲ್ಲಿ 30ರಿಂದ 45ರ ಒಳಗೆ ನಿಲ್ಲುತ್ತದೆ. ಥಟ್ಟನೆ ಆಕ್ಸಿಲರೇಟರ್ ಒತ್ತಿದರೆ ಅಂಕಿ 80ರ ಮೇಲಕ್ಕೆ ಜಿಗಿದು, ಕಾಲು ತೆಗೆದ ಕೂಡಲೇ 25ರ ಹತ್ತಿರಕ್ಕೆ ಬಿದ್ದು, ಮತ್ತೆ ತನ್ನ ಜಾಗಕ್ಕೆ ಬರಬೇಕು. ನಿಧಾನವಾಗಿ ತೆವಳಿದರೆ ಸೆನ್ಸರಿನ ರಂಧ್ರದಲ್ಲಿ ಕೊಳೆ ಕಟ್ಟಿದೆ ಎಂದೇ ತಿಳಿಯಿರಿ.

ನನಗೆ ತುಂಬ ಇಷ್ಟವಾದದ್ದು ಇಳಿಜಾರಿನ ಅಂಕಿ. ಪಕ್ಕದ ಸೀಟಿನಲ್ಲಿ ಕೂತವರು ಓದಿ ಹೇಳಲಿ, ಚಾಲಕರ ಕಣ್ಣು ರಸ್ತೆಯ ಮೇಲಿರಲಿ. ಮದೆನಾಡಿನಿಂದ ಕೆಳಗೆ ಮೂರನೇ ಗೇರಿನಲ್ಲಿ ಕಾಲೆತ್ತಿ ಇಳಿಯುವಾಗ ಅಂಕಿ 20–25ಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ. ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತಿವೆ ಎಂದು ಅರಿತ ಕಂಪ್ಯೂಟರ್ ಆಗ ಪೆಟ್ರೋಲನ್ನೇ ನಿಲ್ಲಿಸಿರುತ್ತದೆ. ನ್ಯೂಟ್ರಲ್ ಮಾಡಿದರೆ ಪೆಟ್ರೋಲ್ ಉಳಿಯುತ್ತದೆ ಎಂದು ಘಾಟಿ ಇಳಿಯುವವರು ಈ ಅಂಕಿಯನ್ನು ಒಮ್ಮೆ ನೋಡಬೇಕು. ನ್ಯೂಟ್ರಲ್ಲಿನಲ್ಲಿ ಐಡ್ಲಿಂಗಿಗೆ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ, ಜೊತೆಗೆ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಆ ಬ್ರೇಕ್ ಪೆಡಲನ್ನು ಹಗುರ ಮಾಡುವ ಬೂಸ್ಟರಿಗೆ ಶಕ್ತಿ ಬರುವುದೂ ಪೆಟ್ರೋಲ್ ಕಾರುಗಳಲ್ಲಿ ಸಾಮಾನ್ಯವಾಗಿ ಇದೇ ಮ್ಯಾನಿಫೋಲ್ಡಿನ ಸೆಳೆತದಿಂದ. ಐಡ್ಲಿಂಗಿನಲ್ಲಿ ಅಂಕಿ 55, 60ರಲ್ಲಿ ನಿಂತು, ಪೆಡಲ್ ಗಟ್ಟಿಯಾಗಿ, ಒತ್ತಿದಾಗ ಉಸ್ಸೆಂಬ ಸದ್ದೂ ಕೇಳಿದರೆ ಬೂಸ್ಟರಿನ ಹೋಸೋ ಒಳಗಿನ ರಬ್ಬರೋ ಸೀಳಿರಬಹುದು. ಅಂಥ ಕಾರನ್ನು ಘಾಟಿಗೆ ಇಳಿಸಬೇಡಿ. ಮೊದಲು ಅದನ್ನು ನೋಡಿಸಿ.

ಡೀಸೆಲ್ ಗಾಡಿಗಳ ಲೆಕ್ಕ ಬೇರೆ. ಅವುಗಳಲ್ಲಿ ಈ ಸೆಳೆತ ಹೆಚ್ಚು ಇರುವುದಿಲ್ಲ, ಐಡ್ಲಿಂಗಿನಲ್ಲೂ ಅಂಕಿ ಊರಿನ ಒತ್ತಡದ ಹತ್ತಿರವೇ ಇರುತ್ತದೆ. ಟರ್ಬೊ ಗಾಳಿ ತುಂಬತೊಡಗಿದಾಗ ಇನ್ನೂರರ ಆಚೆಗೂ ಏರುತ್ತದೆ. ಏರಿನಲ್ಲಿ ಶಿಳ್ಳೆಯಂಥ ಸದ್ದು, ಕಪ್ಪು ಹೊಗೆ, ಅಂಕಿ 120 ದಾಟದಿರುವುದು ಇವು ಮೂರೂ ಸೇರಿದರೆ ಟರ್ಬೊದಿಂದ ಬರುವ ದಪ್ಪ ಹೋಸು ಸೀಳಿದೆಯೇ, ಕ್ಲಿಪ್ ಸಡಿಲವಾಗಿದೆಯೇ ನೋಡಿ. ಡೀಸೆಲ್ಲಿನಲ್ಲಿ ಸೆನ್ಸರಿನ ಬಾಯಿಗೆ ಮಸಿ ಮತ್ತು ಎಣ್ಣೆಯ ಆವಿ ಸೇರಿ ಕಾಡಿಗೆಯಂಥ ಅಂಟು ಕಟ್ಟುವುದೂ ಹೆಚ್ಚು.

ಸೆನ್ಸರ್ ತಪ್ಪಿದಾಗ ಕಾಣುವ ಲಕ್ಷಣಗಳು ಎರಡು ಬಗೆ. ಇರುವುದಕ್ಕಿಂತ ಹೆಚ್ಚು ಒತ್ತಡ ಹೇಳಿದರೆ ಕಂಪ್ಯೂಟರ್ ಪೆಟ್ರೋಲ್ ಹೆಚ್ಚು ಸುರಿಯುತ್ತದೆ: ಕಪ್ಪು ಹೊಗೆ, ವಾಸನೆ, ಮೈಲೇಜ್ ಕುಸಿತ, ಪ್ಲಗ್ಗಿನ ತುದಿಯಲ್ಲಿ ಮಸಿ. ಹಾಗೇ ಓಡಿಸುತ್ತಾ ಹೋದರೆ ಸೈಲೆನ್ಸರಿನ ದಾರಿಯಲ್ಲಿರುವ ಬೆಲೆಬಾಳುವ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟು ಹಾಳಾಗುತ್ತದೆ. ಕಡಿಮೆ ಹೇಳಿದರೆ ಪೆಟ್ರೋಲ್ ಸಾಲದೆ ಏರಿನಲ್ಲಿ ಎಳೆತವಿಲ್ಲ, ಜರ್ಕ್, ಸ್ಟಾರ್ಟಿಂಗ್ ತೊಂದರೆ. ಕೋಡುಗಳಲ್ಲಿ ಪಿ0107 ಎಂದರೆ ಸೆನ್ಸರಿನ ಉತ್ತರ ಅತಿ ಕೆಳಗಿದೆ, ಪಿ0108 ಎಂದರೆ ಅತಿ ಮೇಲಿದೆ, ಪಿ0106 ಎಂದರೆ ಉತ್ತರ ಉಳಿದ ಲೆಕ್ಕಕ್ಕೆ ತಾಳೆಯಾಗುತ್ತಿಲ್ಲ. ಈ ಮೂರರಲ್ಲಿ ಒಂದೂ "ಸೆನ್ಸರ್ ಹೋಗಿದೆ" ಎನ್ನುವುದಿಲ್ಲ. ಸೆನ್ಸರಿನಿಂದ ಕಂಪ್ಯೂಟರಿನವರೆಗಿನ ದಾರಿಯಲ್ಲಿ ಎಲ್ಲೋ ತೊಡಕಿದೆ ಎಂದಷ್ಟೇ ಹೇಳುತ್ತವೆ.

ಕೊಡಗಿನಲ್ಲಿ ಆ ತೊಡಕು ಹೆಚ್ಚಾಗಿ ಸೆನ್ಸರಿನ ಹೊರಗೇ ಇರುತ್ತದೆ ಎಂಬುದು ನನ್ನ ಅನುಭವ. ಗೋಡೆಯ ಮೇಲೆ, ಚರ್ಮದ ಚಪ್ಪಲಿಯ ಮೇಲೆ ಬೂಷ್ಟು ಹಿಡಿಸುವ ತೇವ ಬಾನೆಟ್ಟಿನ ಕೆಳಗನ್ನು ಬಿಡುತ್ತದೆಯೇ? ಕಪ್ಲರಿನ ರಬ್ಬರ್ ಸೀಲ್ ಹರಿದಿದ್ದರೆ ಅಥವಾ ಹಿಂದೆ ಯಾರೋ ತೆಗೆದು ಹಾಕುವಾಗ ಬಿದ್ದುಹೋಗಿದ್ದರೆ ತೇವ ನೇರ ಪಿನ್ನಿಗೆ ಹೋಗುತ್ತದೆ. 5 ವೋಲ್ಟಿನ ಈ ನಾಜೂಕು ವ್ಯವಹಾರದಲ್ಲಿ ಅರ್ತ್ ದಾರಿಗೆ ಚೂರು ಕಿಲುಬು ಅಡ್ಡ ಬಂದರೂ ಉತ್ತರ ಮೇಲಕ್ಕೆ ಜಾರುತ್ತದೆ, ನಮ್ಮ ಕಾರಿನಲ್ಲಿ 88 ಇದ್ದದ್ದು 97 ಆದ ಹಾಗೆ. ಎರಡನೆಯ ಶತ್ರು ಇಲಿ. ತೋಟದ ಶೆಡ್ಡುಗಳಲ್ಲಿ, ಮಳೆಗಾಲದಲ್ಲಿ ಎಂಜಿನ್ನಿನ ಬಿಸಿ ಹುಡುಕಿ ಬರುವ ಇಲಿಗಳು ತಂತಿಯ ಹೊದಿಕೆ ಕಡಿಯುತ್ತವೆ. ಒಂದೇ 5 ವೋಲ್ಟಿನ ತಂತಿ ಥ್ರಾಟಲ್ ಸೆನ್ಸರಿಗೂ ಹೋಗುವ ಕಾರುಗಳಿವೆ. ಒಮ್ಮೆಗೇ ಮೂರ್ನಾಲ್ಕು ಸೆನ್ಸರುಗಳ ಕೋಡ್ ಬಂದರೆ ಎಲ್ಲವೂ ಒಟ್ಟಿಗೇ ಸತ್ತವು ಎಂದು ನಂಬಬೇಡಿ, ತಂತಿಯ ಜಾಡು ಹಿಡಿಯಿರಿ.

ಹಳೆಯ ಕೆಲವು ಮಾದರಿಗಳಲ್ಲಿ ಸೆನ್ಸರ್ ಬೇರೆ ಕಡೆ ಕೂತು, ಸಣ್ಣ ರಬ್ಬರ್ ಹೋಸಿನ ಮೂಲಕ ಮ್ಯಾನಿಫೋಲ್ಡಿಗೆ ಸೇರಿರುತ್ತದೆ. ಆ ಹೋಸಿನ ತುದಿ ಬಿಸಿಗೆ ಗಟ್ಟಿಯಾಗಿ ಸೀಳುತ್ತದೆ. ಸೀಳಿನಿಂದ ಹೊರಗಿನ ಗಾಳಿ ನುಗ್ಗಿದರೆ ಸೆನ್ಸರಿಗೆ ಒತ್ತಡ ಹೆಚ್ಚಿದಂತೆ ಕಂಡು ಎಂಜಿನ್ ಪೆಟ್ರೋಲ್ ಕುಡಿಯತೊಡಗುತ್ತದೆ. ಸೀಳಿದ ತುದಿಯನ್ನು ಒಂದಿಂಚು ಕತ್ತರಿಸಿ ಮತ್ತೆ ಸಿಕ್ಕಿಸಿದರೆ ಎಷ್ಟೋ ಸಲ ಕೆಲಸ ಮುಗಿಯುತ್ತದೆ.

ಶುಚಿ ಮಾಡುವುದಾದರೆ ಕೀ ಆಫ್ ಮಾಡಿ, ಕಪ್ಲರಿನ ಲಾಕ್ ಒತ್ತಿ ಹಿಡಿದು ಎಳೆಯಿರಿ. ತಂತಿ ಹಿಡಿದು ಎಳೆಯಬೇಡಿ. ಸೆನ್ಸರನ್ನು ಹಿಡಿದಿರುವುದು ಒಂದೋ ಎರಡೋ ಸ್ಕ್ರೂ. ತೆಗೆಯುವ ಮೊದಲು ಸುತ್ತಲಿನ ಕೆಮ್ಮಣ್ಣಿನ ಧೂಳನ್ನು ಬ್ರಷ್ಷಿನಿಂದ ಗುಡಿಸಿ, ಇಲ್ಲದಿದ್ದರೆ ಅದು ರಂಧ್ರದ ಮೂಲಕ ಎಂಜಿನ್ನಿಗೆ ಬೀಳುತ್ತದೆ. ಸೆನ್ಸರಿನ ಬಾಯಿ ಕೆಳಗೆ ಮಾಡಿ ಹಿಡಿದು, ಸೆನ್ಸರಿಗೆಂದೇ ಮಾರುವ ಕ್ಲೀನರ್ ಸ್ಪ್ರೇಯನ್ನು ಎರಡು ಮೂರು ಸಲ ಮೆಲ್ಲಗೆ ಹೊಡೆಯಿರಿ, ಅದು ಸಿಗದಿದ್ದರೆ ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್. ಕೊಳೆ ಹನಿಯಾಗಿ ಇಳಿದು ಬರುತ್ತದೆ. ಕಾರ್ಬ್ಯುರೇಟರ್ ಕ್ಲೀನರ್ ಬೇಡ, ಒಳಗಿನ ಪೊರೆಯನ್ನು ಕಾಯುವ ಜೆಲ್ಲನ್ನೂ ಪ್ಲಾಸ್ಟಿಕ್ಕನ್ನೂ ಅದು ಕೆಡಿಸಬಹುದು. ಪಿನ್ನು, ತಂತಿ, ಇಯರ್ ಬಡ್ ತೂರಿಸುವುದಂತೂ ಬೇಡವೇ ಬೇಡ. ಟೈರ್ ಅಂಗಡಿಯ ಗಾಳಿ ಪೈಪನ್ನು ಅದರ ಬಾಯಿಗೆ ಹಿಡಿದರೆ 100 ಕಿಲೋಪಾಸ್ಕಲ್ ಅಳೆಯಲು ಮಾಡಿದ ಪೊರೆಗೆ 700, 800 ಬಡಿಯುತ್ತದೆ. ಕಾಲು ಗಂಟೆ ತಾನೇ ಒಣಗಲಿ. ಓ-ರಿಂಗ್ ಚಪ್ಪಟೆಯಾಗಿದ್ದರೆ ಬದಲಿಸಿ, ಒಂದು ತೊಟ್ಟು ಎಂಜಿನ್ ಆಯಿಲ್ ಸವರಿ ಕೂರಿಸಿ. ಸ್ಕ್ರೂ ಕೈಬಿಗಿಯಷ್ಟೇ ಸಾಕು, ಕೆಳಗಿರುವುದು ಹೆಚ್ಚಾಗಿ ಪ್ಲಾಸ್ಟಿಕ್ ಮ್ಯಾನಿಫೋಲ್ಡ್.

ತಂತಿ ನೋಡುವಾಗ ಒಂದು ಎಚ್ಚರಿಕೆ. ಮಲ್ಟಿಮೀಟರಿನ ಮೊನೆಯನ್ನು ಕಪ್ಲರಿನ ಹಿಂಬದಿಯಿಂದ ತಂತಿಯ ಪಕ್ಕದಲ್ಲಿ ನಿಧಾನ ತೂರಿಸಿ ಅಳೆಯಿರಿ. ಕೆಲವರು ಅವಸರಕ್ಕೆ ತಂತಿಯ ಹೊದಿಕೆಗೇ ಸೂಜಿ ಚುಚ್ಚುತ್ತಾರೆ. ಬೇರೆ ಊರಿನಲ್ಲಿ ಅದು ನಡೆದೀತು, ನಮ್ಮ ಮಳೆಯಲ್ಲಿ ಆ ಸೂಜಿರಂಧ್ರದೊಳಗೆ ವರ್ಷ ತುಂಬುವ ಮೊದಲೇ ತಾಮ್ರ ಹಸಿರಾಗಿರುತ್ತದೆ. ಕೀ ಆನ್ ಇದ್ದಾಗ ಒಂದು ತಂತಿಯಲ್ಲಿ 5 ವೋಲ್ಟಿನ ಹತ್ತಿರ, ಅರ್ತಿನಲ್ಲಿ 0.1ಕ್ಕಿಂತ ಕಡಿಮೆ ಇರಬೇಕು. ಮೂರನೆಯದರಲ್ಲಿ ಎಂಜಿನ್ ನಿಂತಿದ್ದರೆ ಸುಮಾರು 4 ವೋಲ್ಟ್, ಐಡ್ಲಿಂಗಿನಲ್ಲಿ 1ರಿಂದ 1.5. ಸೆನ್ಸರಿನಿಂದ ಸೆನ್ಸರಿಗೆ ಇದು ತುಸು ಬೇರೆಯಾಗುತ್ತದೆ. ಅರ್ತಿನಲ್ಲಿ 0.3, 0.4 ವೋಲ್ಟ್ ಕಂಡರೆ ಅಲ್ಲೇ ನಿಲ್ಲಿ, ಸಿಕ್ಕಿತು.

ಆ ಮೆಕ್ಯಾನಿಕ್ ಹುಡುಗ ಅಂದು ಮಾಡಿದ್ದು ಇಷ್ಟೇ: ಪಿನ್ನುಗಳಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಸಣ್ಣ ಬ್ರಷ್ಷಿನಿಂದ ಉಜ್ಜಿದ. ಸಡಿಲವಾಗಿದ್ದ ಅರ್ತ್ ಟರ್ಮಿನಲ್ಲನ್ನು ಚೂಪು ಇಕ್ಕಳದಿಂದ ಒಂದಿಷ್ಟೇ ಬಿಗಿ ಮಾಡಿದ. ಗುಜರಿ ಕಪ್ಲರ್ ಒಂದರಿಂದ ರಬ್ಬರ್ ಸೀಲ್ ಕಿತ್ತು ನಮ್ಮದಕ್ಕೆ ಹಾಕಿದ. ಅದರ ಅಂಚಿಗೆ ವಿದ್ಯುತ್ ಕೆಲಸಕ್ಕೆ ಬಳಸುವ ಸಿಲಿಕೋನ್ ಗ್ರೀಸನ್ನು ಬೆರಳ ತುದಿಯಷ್ಟು ಸವರಿದ. ಕೀ ತಿರುಗಿಸಿದೆ. 88.

ಅಂದಿನಿಂದ ನಾನು ವರ್ಷಕ್ಕೆರಡು ಸಲ ಈ ಅಂಕಿ ನೋಡುತ್ತೇನೆ. ಮೊದಲನೆಯದು ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮುಂಚೆ. ಎರಡನೆಯದು ಸೆಪ್ಟೆಂಬರ್ ಮೊದಲಲ್ಲಿ, ಗದ್ದೆ ನಾಟಿ ಮುಗಿದು ಕೈಲ್ ಪೊಳ್ದ್ ಹಬ್ಬಕ್ಕೆ ಮನೆಮನೆಯಲ್ಲಿ ಕೋವಿ, ಕತ್ತಿಗಳನ್ನು ಒರೆಸಿ ಸಾಲಾಗಿ ಇಡುವ ಹೊತ್ತಿಗೆ. ಅದೇ ದಿನ ಬಾನೆಟ್ ಎತ್ತಿ ಕಪ್ಲರುಗಳನ್ನು ಒಮ್ಮೆ ಕಳಚಿ ನೋಡಿ ಕೂರಿಸಲು ಅರ್ಧ ಗಂಟೆ ಬೇಕು. ಸರ್ವಿಸ್ ಪುಸ್ತಕದ ಕೊನೆಯ ಪುಟದಲ್ಲಿ ತಾರೀಕು, ಊರು, ಅಂಕಿ ಬರೆಯುತ್ತೇನೆ. ಕಳೆದ ಸಲ ಸುಳ್ಯಕ್ಕೆ ಹೋದಾಗ ಪೇಟೆಯಲ್ಲಿ ಕಾರು ನಿಲ್ಲಿಸಿ ಕೀ ಆನ್ ಮಾಡಿದೆ, 100. ಸಂಜೆ ಮನೆ ಮುಟ್ಟಿ, ಎಂಜಿನ್ ಆರಿಸಿ, ಮಂಜಿನಲ್ಲಿ ಎರಡು ನಿಮಿಷ ಕೂತು ಮತ್ತೆ ನೋಡಿದೆ. 88 ಎಂದೇ ಇತ್ತು, ಅದನ್ನೂ ಕೆಳಗಿನ ಸಾಲಿನಲ್ಲಿ ಬರೆದೆ.